ಜಡ್ಜ್ ಕೇಳುತ್ತಿದ್ದುದು ಯಾರ ಮಾತು

ಡಲ್ಸಿ ಪೆನ್‌ಹಾಲ್‌ಳ ಗಂಟಲು ಮೊನಾರೋ ಬಯಲಿಗೆಲ್ಲ ಗೊತ್ತು. ಮೂವತ್ತೊಂದು ವರ್ಷದಿಂದ ಕುದುರೆ ಸವಾರಿ ಕಲಿಸುತ್ತಿರುವ ಹೆಂಗಸು, ಮೈಕು ಗೀಕು ಮುಟ್ಟಿದವಳಲ್ಲ. ಅವಳು ‘ಬೆನ್ನು ನೆಟ್ಟಗೆ’ ಎಂದು ಕೂಗಿದರೆ ರಸ್ತೆಯಾಚೆ ಟ್ರ್ಯಾಕ್ಟರ್ ಓಡಿಸುವ ಗಂಡಸರೂ ನೆಟ್ಟಗೆ ಕೂರುತ್ತಾರೆ ಎಂದು ಊರವರು ನಗುತ್ತಿದ್ದರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರಲ್ಲ, ಡಲ್ಸಿ ಅಂಥ ಮೂರು ಬರಗಾಲ ದಾಟಿದವಳು.

ಆ ಗಂಟಲಿನಲ್ಲೇ ಒಂದು ಗಂಟು ಕಾಣಿಸಿತು. ಡಾಕ್ಟರು ಅದನ್ನು ತೆಗೆದು, ಹೆದರುವಂಥದ್ದೇನಿಲ್ಲ, ಆದರೆ ಎರಡು ವಾರ ತುಟಿಪಿಟಕ್ಕೆನ್ನಕೂಡದು, ಪಿಸುಮಾತೂ ಬೇಡ ಎಂದರು. ಶಾಲೆ ಮುಚ್ಚಿ ಮಲಗುವ ಜಾಯಮಾನವೇ ಅಲ್ಲ ಅವಳದು. ಹಳೆಯ ಸ್ಲೇಟೊಂದನ್ನು ಕೊರಳಿಗೆ ನೇತುಹಾಕಿಕೊಂಡು ಎರಡನೆಯ ದಿನವೇ ಅಂಗಳಕ್ಕಿಳಿದಳು.

ಅವಸರಕ್ಕೆ ಕಾರಣ ಕೊರಿನ್ ಏಬ್ಲಿ. ಉಣ್ಣೆ ಕತ್ತರಿಸುವವರ ತಂಡಗಳ ಜೊತೆ ಊರೂರು ಅಲೆದು ಹದಿನೈದು ವರ್ಷ ಅಡುಗೆ ಮಾಡಿ, ಇನ್ನು ಒಲೆಯ ಮುಖ ನೋಡಲಾರೆ ಎಂದು ಸೌಟು ಕೆಳಗಿಟ್ಟು ಸವಾರಿ ಕಲಿಯಲು ಬಂದ ಮೂವತ್ತೆಂಟರ ಹೆಂಗಸು. ಪ್ರವಾಸಿಗರನ್ನು ಕುದುರೆಯ ಮೇಲೆ ಆರು ದಿನ ಬೆಟ್ಟ ಸುತ್ತಿಸುವ ಅಲೆಕ್ ಬ್ರಿಂಡ್ಲಿಗೆ ಒಬ್ಬ ಗೈಡ್ ಬೇಕಿತ್ತು. ಎರಡು ವಾರ ಕಳೆದ ಮೇಲಿನ ಶನಿವಾರ ಅವನು ಬಂದು ಕೊರಿನ್‌ಳ ಸವಾರಿ ನೋಡುವುದೆಂದು ಮಾತಾಗಿತ್ತು. ಇವಳು ತಯಾರಾಗಿದ್ದಾಳೆ, ನನ್ನ ಮಾತು ನಂಬು ಎಂದು ಆಪರೇಷನ್ನಿಗೆ ಮೊದಲೇ ಡಲ್ಸಿ ಅವನಿಗೆ ಹೇಳಿದ್ದಳು. ಈ ಕೆಲಸ ತಪ್ಪಿದರೆ ಕೊರಿನ್ ಮತ್ತೆ ಸೌಟು ಹಿಡಿಯಬೇಕಿತ್ತು.

ಕೊರಿನ್ ಕಲಿಯುತ್ತಿದ್ದುದು ಜಡ್ಜ್ ಮೇಲೆ. ಹದಿನೇಳು ವರ್ಷದ ಕಂದು ಕುದುರೆ. ಎಲ್ಲರನ್ನೂ ತಪ್ಪಿತಸ್ಥರಂತೆ ನೋಡುತ್ತದೆಂದು ಆ ಹೆಸರು. ಅಂದು ಅವಳು ಜೀನಿನ ಮೇಲೆ ಕೂತು ಎರಡೂ ಕಾಲಿನಿಂದ ಪಕ್ಕೆ ಒತ್ತಿದಳು. ಜಡ್ಜ್ ಅಲ್ಲಾಡಲಿಲ್ಲ. ಮತ್ತೆ ಒತ್ತಿದಳು. ಹಿಮ್ಮಡಿಯಿಂದ ಗುದ್ದಿದಳು. ಅದು ಕತ್ತು ತಿರುಗಿಸಿ, ಅಮ್ಮಾವ್ರು ಇನ್ನೂ ಏನೂ ಹೇಳಿಲ್ಲವಲ್ಲ ಎಂಬಂತೆ ಡಲ್ಸಿಯನ್ನು ನೋಡಿತು. ಡಲ್ಸಿಯ ನಾಲಿಗೆ ಅಭ್ಯಾಸಬಲದಿಂದ ಅಂಗುಳಕ್ಕೆ ಹತ್ತಿ ‘ಟ್ಲಕ್’ ಎಂದಿತು. ಜಡ್ಜ್ ಹೊರಟೇಬಿಟ್ಟಿತು.

“ನೋಡಿದ್ರಾ ಡಲ್ಸಿ? ಕೊನೆಗೂ ನನ್ನ ಕಾಲಿನ ಮಾತು ಕೇಳ್ತು!” ಎಂದು ಕೊರಿನ್ ಹಲ್ಲು ಕಿರಿದಳು.

ಡಲ್ಸಿ ಈ ಸಲ ನಾಲಿಗೆ ಅಲುಗಿಸಲಿಲ್ಲ. ಬಾಯಿ ಬಿಗಿಹಿಡಿದು ನೋಡಿದಳು. ಅರ್ಧ ಸುತ್ತು ಹೋಗಿ ಜಡ್ಜ್ ನಿಂತಿತು, ಮತ್ತೆ ಅವಳತ್ತಲೇ ತಿರುಗಿತು. ಮೂವತ್ತೊಂದು ವರ್ಷ ‘ಈಗ ಓಡಿಸಿ’, ‘ಈಗ ನಿಲ್ಲಿಸಿ’ ಎಂದು ಅವಳು ಕೂಗುತ್ತ ಬಂದಿದ್ದಳು. ಸವಾರರ ಕಾಲು ಅಲುಗುವ ಮೊದಲೇ ಕುದುರೆಗಳು ಆ ಮಾತು ಕೇಳಿ ನಡೆಸಿಕೊಡುತ್ತಿದ್ದವು. ಕಲಿತದ್ದು ಕುದುರೆಗಳು, ಶಭಾಷ್‌ಗಿರಿ ಮಾತ್ರ ಸವಾರರಿಗೆ. ಇಷ್ಟು ವರ್ಷಕ್ಕೆ ಇದು ತಿಳಿಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ಆಮೇಲೆ ತನ್ನ ಮೇಲೆಯೇ ಕೆಂಡದಂಥ ಸಿಟ್ಟು ಬಂತು. ಸ್ಲೇಟು ಎತ್ತಿ ಬರೆದಳು: ಅದು ಹೊರಟದ್ದು ನಿನ್ನ ಕಾಲಿಗಲ್ಲ. ನನ್ನ ನಾಲಿಗೆಗೆ.

ಕೊರಿನ್ ಎರಡು ಸಲ ಓದಿದಳು. “ಹಾಗಾದ್ರೆ ಎಂಟು ತಿಂಗಳಿಂದ ನಾನ್ ಏನ್ ಮಾಡ್ತಿದ್ದೆ?”

ಕೂತಿದ್ದೆ ಎಂದು ಡಲ್ಸಿ ಬರೆದಳು. ಅವಳ ಮುಖ ನೋಡಿ ಪಾಪ ಅನ್ನಿಸಿ ಮುಂದೆ ‘ಚೆನ್ನಾಗಿ’ ಅಂತ ಸೇರಿಸಿದಳು.

ಅಲೆಕ್‌ಗೆ ಬರಬೇಡ ಎಂದು ಹೇಳಿಬಿಡೋಣ, ಮಾನ ಕಳೆದುಕೊಳ್ಳುವುದು ಯಾಕೆ ಎಂದು ಕೊರಿನ್ ಹೇಳಿದಳು. ಡಲ್ಸಿ ಸ್ಲೇಟನ್ನು ತೋಳಿನಿಂದ ಒರೆಸಿ, ಇನ್ನೂ ಹನ್ನೆರಡು ದಿನ ಇದೆ, ಇಳಿಯಬೇಡ ಎಂದು ಬರೆದಳು.

ಅವತ್ತಿನಿಂದ ಬೇರೆಯೇ ಪಾಠ. ಜಡ್ಜ್‌ನ ಎರಡೂ ಕಿವಿಗೆ ಉಣ್ಣೆ ತುರುಕಿದಳು. ಕಾಲಿಡುವ ರಿಕಾಪುಗಳನ್ನು ಬಿಚ್ಚಿಟ್ಟಳು. ಕೊರಿನ್‌ಳ ಮೀನಖಂಡವನ್ನು ತನ್ನ ಕೈಯಿಂದಲೇ ಹಿಡಿದು ಪಕ್ಕೆಗೆ ಒತ್ತಿ, ಬಿಟ್ಟು, ಒತ್ತಿ, ಬಿಟ್ಟು ತೋರಿಸಿದಳು. ಒತ್ತುವುದು ಯಾವ ಪೆದ್ದನಿಗೂ ಬರುತ್ತದೆ, ಕುದುರೆ ಹೂಂ ಅಂದ ಕೂಡಲೇ ಬಿಡುವುದೇ ವಿದ್ಯೆ. ತನ್ನ ಭುಜದ ಅಲುಗಾಟವನ್ನೂ ಜಡ್ಜ್ ಓದುತ್ತದೆಂದು ಗೊತ್ತಾದ ಮೇಲೆ ಹುಲ್ಲಿನ ಕೊಟ್ಟಿಗೆಯ ಹಿಂದೆ ಬಕೆಟ್ ಬೋರಲು ಹಾಕಿ ಕೂತು ಹಲಗೆಯ ಸಂದಿಯಿಂದ ನೋಡಿದಳು. ಕೊರಿನ್ ಉಣ್ಣೆಯವರ ಶೆಡ್ಡಿನಲ್ಲಿ ಕಲಿತ ಬೈಗುಳವನ್ನೆಲ್ಲ ಖರ್ಚು ಮಾಡಿದಳು. ಐದನೆಯ ದಿನ ಜಡ್ಜ್ ಒಂದು ಹೆಜ್ಜೆ ಇಟ್ಟಿತು. ಒಂಬತ್ತನೆಯ ದಿನ ಕುಲುಕು ಓಟಕ್ಕೆ ಬಿತ್ತು.

ಶನಿವಾರ ಅಲೆಕ್ ಬಂದ. ಟೊಪ್ಪಿ ಹಿಂದಕ್ಕೆ ಸರಿಸಿ, “ಏನ್ ಡಲ್ಸಿ, ಬಯಲೆಲ್ಲಾ ತಣ್ಣಗಿದೆ ಅಂದ್ಕೊಂಡೆ. ನಿನ್ನ ಬಾಯಿಗೆ ಬೀಗ ಹಾಕಿದ್ರಂತೆ?” ಎಂದ.

“ನಿನ್ನೆ ತೆಗೆದ್ರು. ಹುಷಾರಾಗಿರು,” ಎಂದಳು ಡಲ್ಸಿ. ದನಿ ತುಕ್ಕು ಹಿಡಿದ ಗೇಟಿನಂತಿತ್ತು.

ಅವನು ಜಡ್ಜ್‌ನ ಕಿವಿ ನೋಡಿ ಹುಬ್ಬೇರಿಸಿದ. ಬೆಟ್ಟದಲ್ಲಿ ಕುದುರೆಗೆ ಕಿವಿ ಬೇಕು, ಉಣ್ಣೆ ತೆಗೆಯಿರಿ ಎಂದ. ಡಲ್ಸಿ ತೆಗೆದಳು. ಸುತ್ತು, ಓಟ, ನಿಲ್ಲುವುದು, ಹಿಂದೆ ಸರಿಯುವುದು ಎಲ್ಲ ಸಲೀಸಾಗಿ ಆಯಿತು. ಆಮೇಲೆ ಅಲೆಕ್ ಬೇಲಿಯ ಬುಡದಲ್ಲಿ ಹರಿಯುವ ತೊರೆ ತೋರಿಸಿ, ದಾಟಿಸು ಎಂದ.

ಈ ಹನ್ನೆರಡು ದಿನದಲ್ಲಿ ತೊರೆಯತ್ತ ಹೋಗಲು ಅವರಿಗೆ ಪುರುಸೊತ್ತಾಗಿರಲಿಲ್ಲ. ಡಲ್ಸಿಯ ‘ಟ್ಲಕ್’ ಇಲ್ಲದೆ ಜಡ್ಜ್ ಎಂದೂ ನೀರಿಗಿಳಿದದ್ದಿಲ್ಲ. ಅದು ದಡದಲ್ಲಿ ಕಂಬದಂತೆ ನಿಂತಿತು. ಕೊರಿನ್ ಒತ್ತಿದಳು, ಬಿಟ್ಟಳು. ಜಡ್ಜ್ ಕತ್ತು ತಿರುಗಿಸಿ ಬೇಲಿಯ ಬಳಿ ನಿಂತ ಡಲ್ಸಿಯನ್ನು ನೋಡಿತು. ಅಲೆಕ್ ಕೈಕಟ್ಟಿ ಕಾಯುತ್ತಿದ್ದ.

ಡಲ್ಸಿಯ ನಾಲಿಗೆ ಅಂಗುಳಕ್ಕೆ ಹತ್ತಿತು. ಒಂದೇ ಒಂದು ಸಲ, ಅಲೆಕ್‌ಗೆ ಕೇಳುವುದೂ ಇಲ್ಲ, ಕೊರಿನ್‌ಗೆ ಕೆಲಸ ಸಿಗುತ್ತದೆ. ಆದರೆ ಹಿಮ ಕರಗಿ ತುಂಬಿದ ಹೊಳೆಯ ದಡದಲ್ಲಿ, ಬೆನ್ನ ಹಿಂದೆ ಆರು ಜನ ಪ್ರವಾಸಿಗರನ್ನು ಇಟ್ಟುಕೊಂಡು ಇವಳು ನಿಂತಾಗ ಅಲ್ಲಿ ‘ಟ್ಲಕ್’ ಅನ್ನುವವರು ಯಾರು? ಡಲ್ಸಿ ತಟಕ್ಕನೆ ತಿರುಗಿ ಕೊಟ್ಟಿಗೆಯ ಕಡೆ ನಡೆದಳು.

“ಎಲ್ಲಿಗೆ ಮಾರಾಯ್ತಿ?” ಎಂದ ಅಲೆಕ್. ಅವಳು ಜಡ್ಜ್‌ನ ಕಣ್ಣಿಗೆ ಬೀಳದಂತೆ ಒಳಗೆ ಹೋದಳು.

ಕತ್ತಲ ಕೊಟ್ಟಿಗೆಯಲ್ಲಿ ಹುಲ್ಲಿನ ಪಿಂಡಿಗೆ ಒರಗಿ ಕಣ್ಣು ಮುಚ್ಚಿದಳು. ಹೊರಗೆ ಸದ್ದಿಲ್ಲ. ಅಪ್ಪಾ ದೇವರೇ, ಒತ್ತೇ ಹುಡುಗಿ, ಬಿಡೇ ಎಂದು ಒಳಗೊಳಗೇ ಬೇಡಿಕೊಂಡಳು. ಬಹಳ ಹೊತ್ತಿನ ಮೇಲೆ ಗೊರಸು ಕಲ್ಲಿಗೆ ತಾಗಿದ ಸದ್ದು ಕೇಳಿಸಿತು. ಆಮೇಲೆ ನೀರು ಸಿಡಿದ ಸದ್ದು, ಒಂದು, ಎರಡು, ಬಿಡದೆ ನಾಲ್ಕೈದು.

ಮೊದಲು ಬಂದವನು ಅಲೆಕ್. ಸೋಮವಾರದಿಂದ ಕಳಿಸು, ಬೂಟು ಗಟ್ಟಿಯದು ತರಲಿ ಎಂದಷ್ಟೇ ಹೇಳಿ ಹೋದ. ಅವನ ಹಿಂದೆಯೇ ಕೊರಿನ್ ಜಡ್ಜ್‌ನ ಲಗಾಮು ಹಿಡಿದು ಬಂದಳು. ಮೊಣಕಾಲವರೆಗೆ ಒದ್ದೆ, ಮುಖದಲ್ಲಿ ನಗುವಿಲ್ಲ.

“ಡಲ್ಸಿ, ನಿಜ ಹೇಳಿ. ಇಲ್ಲಿಂದ ನೀವು ಟ್ಲಕ್ ಅಂದ್ರಾ?”

“ಇಲ್ಲ ಕಣೇ.”

“ಒಂದ್ಸಲಾನೂ?”

ಡಲ್ಸಿ ಬಾಯಿ ತೆರೆದು ನಾಲಿಗೆ ಹೊರಗೆ ಚಾಚಿದಳು. ಅದರ ಮೇಲೆ ಸಾಲಾಗಿ ಹಲ್ಲಿನ ಗುರುತು ಮೂಡಿತ್ತು, ಒಂದು ಕಡೆ ರಕ್ತ ಜಿನುಗಿತ್ತು. ಕೊರಿನ್ ಅದನ್ನು ನೋಡಿ, ಜಡ್ಜ್‌ನ ಕುತ್ತಿಗೆಗೆ ಮುಖ ಒತ್ತಿ ಅತ್ತುಬಿಟ್ಟಳು.