ಎರಡು ರಾಟೆಯ ಬಾವಿ

ಅಪ್ಪ ತೀರಿಹೋದ ಮೇಲೆ ಬಾಡ ಊರಿನ ನಮ್ಮ ಹಿತ್ತಲು ಎರಡು ಪಾಲಾಯಿತು. ಬಾವಿಯನ್ನು ಮಾತ್ರ ಪಾಲು ಮಾಡಲು ಬರಲಿಲ್ಲ. ಬೇಲಿ ಬಾವಿಕಟ್ಟೆಯವರೆಗೆ ಬಂದು ನಿಂತು, ಆಚೆ ಬದಿಯಿಂದ ಮತ್ತೆ ಮುಂದುವರಿಯಿತು. ನಮ್ಮ ಕಡೆಗೊಂದು ರಾಟೆ, ತಮ್ಮ ಮಾಬ್ಲೇಶ್ವರನ ಕಡೆಗೊಂದು. ಎರಡೂ ಮನೆಯ ಹೆಂಗಸರು ಎದುರುಬದುರು ನಿಂತು ನೀರು ಸೇದುತ್ತ, ಇವತ್ತು ಮೀನು ಯಾವುದು ಸಿಕ್ಕಿತೆಂದು ಕೇಳಿಕೊಳ್ಳುತ್ತಿದ್ದರು.

ಅಪ್ಪನದೊಂದು ಕಟ್ಟಳೆ ಇತ್ತು. ಬೇಸಿಗೆಯ ಮಧ್ಯಾಹ್ನ ಯಾರೂ ಬಾವಿಗೆ ಕೊಡ ಇಳಿಸಬಾರದು. ಸಮುದ್ರ ಕೂಗಿದರೆ ಕೇಳುವಷ್ಟು ಹತ್ತಿರ. ಒಂದೇ ಸಮನೆ ಸೇದಿದರೆ ಸಿಹಿನೀರು ಖಾಲಿಯಾದ ಜಾಗಕ್ಕೆ ಉಪ್ಪುನೀರು ಬಂದು ಕೂರುತ್ತದೆ. ಹಾಗೆ ಬಂದದ್ದು ಬೇಗ ಹೋಗುವುದಿಲ್ಲ. ನಾನು ಶಾಲೆಗೆ ಹೋದದ್ದು ಕಡಿಮೆ. ಇದನ್ನು ಕಲಿತದ್ದು ಅಪ್ಪನ ಬೈಗುಳದಿಂದ.

ಮಾಬ್ಲೇಶ್ವರ ತನ್ನ ಪಾಲಿನಲ್ಲಿ ಪ್ರವಾಸಿಗರಿಗೆಂದು ಕೋಣೆಗಳನ್ನು ಕಟ್ಟಿದ. ಎದುರಿಗೆ ಸಮುದ್ರವಿದ್ದರೂ ಬಂದವರಿಗೆ ಈಜುಕೊಳ ಬೇಕಂತೆ. ಅದೂ ಆಯಿತು. ಕೊಳದ ನೀರು ಸೋಸಲು ದೊಡ್ಡದೊಂದು ಪಂಪು ಬಂತು. ಅದು ಶುರುವಾದರೆ ನಮ್ಮ ಅಡುಗೆಮನೆಯ ಪಾತ್ರೆಗಳು ನಡುಗುತ್ತಿದ್ದವು. ಸೋಸುವ ಮರಳಿನ ಟಾಕಿಯನ್ನು ದಿನಾ ತೊಳೆದು ಆ ನೀರನ್ನು ಗಟಾರಕ್ಕೆ ಬಿಡುತ್ತಿದ್ದರು. ಹೋದಷ್ಟನ್ನು ಬಾವಿಯಿಂದ ತುಂಬಿಸುತ್ತಿದ್ದರು, ಮಧ್ಯಾಹ್ನವೆಂದೂ ನೋಡದೆ.

ಮರುವರ್ಷದ ಬೇಸಿಗೆಯಲ್ಲಿ ನನ್ನ ಹೆಂಡತಿ ಮಾಸ್ತಮ್ಮ ಗಂಜಿಗೆ ಉಪ್ಪು ಕಡಿಮೆ ಮಾಡಿದಳು. ಏಕೆಂದು ನಾನು ಕೇಳಲಿಲ್ಲ. ನಾಲಿಗೆಗೆ ಗೊತ್ತಾಗಿತ್ತು.

ತಮ್ಮನಿಗೆ ಹೋಗಿ ಹೇಳಿದೆ. ಮಧ್ಯಾಹ್ನವಾದರೂ ಬಾವಿಯನ್ನು ಬಿಡು, ಸುಧಾರಿಸಿಕೊಳ್ಳಲಿ ಎಂದೆ. ಅವನು ನಕ್ಕ.

"ಬಾವಿಗೂ ಮಧ್ಯಾಹ್ನ ನಿದ್ದೆ ಬೇಕಾ ಅಣ್ಣ? ಚಾಪೆ ಹಾಸಿ ಕೊಡ್ಲಾ?"

ಅವನ ಕೆಲಸದವರೂ ನಕ್ಕರು. ನಾನು ಮನೆಗೆ ಬಂದೆ.

ನೀರಿನ ಮಾತು ಅವನಿಗೆ ತಾಗುವುದಿಲ್ಲ. ಆದರೆ ಕರೆಂಟಿನ ಬಿಲ್ಲು ಬಂದ ದಿನ ಅವನ ಬೈಗುಳ ಬೇಲಿ ದಾಟಿ ಕೇಳುತ್ತಿತ್ತು. ಅದನ್ನೇ ಹಿಡಿದೆ. ಕುಮಟೆಗೆ ಹೋಗಿ ಪಂಪಿನ ಕೆಲಸದ ಸಂದೇಶನನ್ನು ಕರೆತಂದೆ. ಬಾವಿಯ ವಿಷಯ ಎತ್ತಬೇಡ, ಕರೆಂಟಿನದಷ್ಟೇ ಮಾತಾಡು ಎಂದು ದಾರಿಯಲ್ಲೇ ಹೇಳಿಕೊಟ್ಟೆ.

ಸಂದೇಶ ಹಾಗೆಯೇ ಮಾಡಿದ. ದೊಡ್ಡ ಪಂಪನ್ನು ಜೋರಾಗಿ ಓಡಿಸುವುದು ದಂಡ. ವೇಗ ಇಳಿಸಲು ಬರುವ ಪಂಪು ಹಾಕಿ ನಿಧಾನಕ್ಕೆ ಹೆಚ್ಚು ಹೊತ್ತು ನಡೆಸಿದರೆ ನೀರೂ ಚೆನ್ನಾಗಿ ಸೋಸಿಬರುತ್ತದೆ, ಕರೆಂಟೂ ಉಳಿಯುತ್ತದೆ. ಟಾಕಿಯನ್ನು ದಿನಾ ತೊಳೆಯಬೇಕಿಲ್ಲ, ಅದರ ಮೇಲೆ ಒತ್ತಡ ತೋರಿಸುವ ಮುಳ್ಳು ಏರಿದಾಗ ತೊಳೆದರೆ ಸಾಕು. ಜನ ಇಲ್ಲದಾಗ ಕೊಳಕ್ಕೆ ಹೊದಿಕೆ ಎಳೆದರೆ ನೀರು ಆರುವುದಿಲ್ಲ ಎಂದ. ತಮ್ಮ ಎಲ್ಲ ಕೇಳಿ ಹೊಸ ಪಂಪು ತರಿಸಿದ. ಟಾಕಿ ತೊಳೆಯುವುದು ಕಡಿಮೆಯಾದ ಹಾಗೆ ಬಾವಿಯಿಂದ ಕೊಳ ತುಂಬಿಸುವುದೂ ಕಡಿಮೆಯಾಯಿತು.

ಮುಂದಿನ ಬೇಸಿಗೆಗೆ ಬಾವಿಯ ನೀರು ಮೊದಲಿನ ರುಚಿಗೆ ಬಂತು. ಮಾಸ್ತಮ್ಮ ಗಂಜಿಗೆ ಮೊದಲಿನಷ್ಟೇ ಉಪ್ಪು ಹಾಕಿದಳು. ನಾನು ಬುದ್ಧಿವಂತನೆಂದುಕೊಂಡೆ.

ಮಳೆಗಾಲ ಕಳೆದ ಮೇಲೆ ಮಾಬ್ಲೇಶ್ವರ ಬಾಳೆಗೊನೆ ಹಿಡಿದು ನಮ್ಮ ಜಗಲಿಗೆ ಬಂದ.

"ನೀ ಹೇಳ್ದಂಗೆ ಆತು ನೋಡು ಅಣ್ಣ. ಕರೆಂಟು ಅರ್ಧಕ್ಕೆ ಇಳೀತು. ಇನ್ನೊಂದು ಕೊಳ ಮಾಡ್ದ್ರೂ ಬಿಲ್ಲು ಮೊದ್ಲಿನಷ್ಟೇ. ಮಕ್ಕಳಿಗೊಂದು ಬೇರೆ ಮಾಡ್ತೆ."

ಆಗ ನನಗೆ ತಡೆಯಲಾಗಲಿಲ್ಲ. ಸಂದೇಶನನ್ನು ಏಕೆ ಕರೆತಂದೆನೆಂದು ಬಿಡಿಸಿ ಹೇಳಿದೆ. ಅವನ ಮುಖ ಸಣ್ಣದಾಯಿತು.

"ನೀರಿನ ಸುದ್ದಿ ಆದ್ರೆ ನೀರಿನ ಸುದ್ದಿ ಅಂತ್ಲೇ ಹೇಳ್ಬೇಕಿತ್ತು. ತಮ್ಮನ ಹತ್ರ ಎಂತಕ್ಕೆ ನಾಟಕ?"

ಹೇಳಿದ್ದೆ. ಚಾಪೆ ಹಾಸುವ ಮಾತು ಅವನಿಗೆ ನೆನಪಿರಲಿಲ್ಲ. ನನಗಿತ್ತು. ನೆನಪಿಸಿ ಆಗುವುದೇನು? ಆಳುಗಳು ಆಗಲೇ ಹೊಸ ಕೊಳದ ಗುರುತಿಗೆ ಸುಣ್ಣ ಎಳೆದಿದ್ದರು.

ಮಕ್ಕಳಿಗೆಂದು ಶುರುವಾದ ಎರಡನೆಯ ಕೊಳ ಕೊನೆಗೆ ಮೊದಲನೆಯದಕ್ಕಿಂತ ದೊಡ್ಡದಾಯಿತು. ಹೊಸ ಪಂಪುಗಳಿಗೆ ಸದ್ದಿಲ್ಲ. ನಮ್ಮ ಪಾತ್ರೆಗಳು ಅಲುಗುವುದಿಲ್ಲ. ಈ ಬೇಸಿಗೆಯಲ್ಲಿ ಬಾವಿಯ ನೀರನ್ನು ಕಣ್ಣು ಮುಚ್ಚಿಕೊಂಡು ಕುಡಿಯಲೂ ಆಗಲಿಲ್ಲ. ತಮ್ಮ ಟ್ಯಾಂಕರ್ ತರಿಸಿ, ಬೇಲಿಯ ಹತ್ತಿರ ನಮಗೆಂದೇ ಒಂದು ನಲ್ಲಿ ಇಡಿಸಿದ. ಅತ್ತಿಗೆ ಕೊಡ ತಂದು ಹಿಡಿಯಲಿ, ನಾವೇನು ಬೇರೆಯವರಾ ಎಂದು ಹೇಳಿಕಳಿಸಿದ.

ಮಾಸ್ತಮ್ಮ ಆ ನಲ್ಲಿಗೆ ಹೋಗಲಿಲ್ಲ. ದಿನವೂ ನಮ್ಮ ರಾಟೆಯಲ್ಲೇ ಸೇದುತ್ತಾಳೆ. ಗಂಜಿಗೆ ಈಗ ಉಪ್ಪು ಹಾಕುವುದೇ ಇಲ್ಲ.