ಸುದ್ದಿ ತರುವ ನರ

ಟೈಲರ್ ಬಾಡಿಗೆ ಕುರ್ಚಿಗಳನ್ನು ಎರಡೆರಡಾಗಿ ಅಂಗಳಕ್ಕೆ ಎಳೆದು ತರುತ್ತಿದ್ದ. ಒಳಗೆ ಹೆಂಡತಿಯ ಹೆಣ ಮಲಗಿದೆ, ಇವನಿಗೆ ಕುರ್ಚಿ ಸಾಲಿನ ಚಿಂತೆ! ಬಿಡಿ ಭಾವ, ನಾವಿದ್ದೀವಿ ಎಂದು ಬಾಮೈದ ಹತ್ತು ಸಲ ಹೇಳಿದ್ದಾಯಿತು. ಕೆಲಸವಿಲ್ಲದೆ ಕೂತರೆ ಹುಚ್ಚು ಹಿಡಿಯುತ್ತದೆಂಬುದು ಅವನಿಗೆ ಮಾತ್ರ ಗೊತ್ತಿತ್ತು. ಹನ್ನೊಂದಕ್ಕೆ ವ್ಯಾನು ಬರಲಿತ್ತು.

ಹೆಂಡತಿಯ ಜೊತೆ ಆಸ್ಪತ್ರೆಯ ನರಪರೀಕ್ಷೆ ಕೋಣೆಯಲ್ಲಿ ಇಪ್ಪತ್ತು ವರ್ಷ ದುಡಿದ ಗೆಳತಿ ಅತ್ತು ಮುಗಿಸಿ ಅವನ ಪಕ್ಕ ಬಂದು ಕೂತಳು. ಸಮಾಧಾನ ಹೇಳಬೇಕಲ್ಲ, ಹೇಳಿದಳು.

"ಒಂದು ವಿಷಯದಲ್ಲಿ ಅಕ್ಕ ಪುಣ್ಯವಂತೆ ಭಾವ. ಮಾತು ಹೋಯ್ತು, ಕೈಕಾಲು ಹೋಯ್ತು. ಆದ್ರೂ ನೀವು ಕೈ ಹಿಡ್ಕೊಂಡಿದ್ದು ಕೊನೇವರೆಗೂ ಗೊತ್ತಾಗ್ತಿತ್ತು."

"ಹೇಗೆ ಗೊತ್ತಾಗುತ್ತೆ? ಆ ಕೈ ಸತ್ತುಹೋಗಿತ್ತಲ್ಲ."

"ಸತ್ತಿದ್ದು ಕೈಗೆ ಅಪ್ಪಣೆ ಒಯ್ಯೋ ನರ. ಕೈಯಿಂದ ಮಿದುಳಿಗೆ ಸುದ್ದಿ ತರೋ ನರ ಬೇರೆ, ಅದಕ್ಕೇನೂ ಆಗಿರಲಿಲ್ಲ. ನಾನೇ ಪರೀಕ್ಷೆ ಮಾಡಿದ್ದು. ಮೆಲ್ಲಗೆ ಮುಟ್ಟಿದ್ರೆ ಆ ನರ ನಾಲ್ಕು ಸಲ ಮಿಡಿಯುತ್ತೆ ಅಂದ್ಕೊಳ್ಳಿ, ಗಟ್ಟಿಯಾಗಿ ಹಿಡಿದ್ರೆ ನಲವತ್ತು ಸಲ. ಎಷ್ಟು ಒತ್ತಿದ್ರಿ ಅನ್ನೋದೂ ತಿಳೀತಿತ್ತು ಅವಳಿಗೆ."

ಟೈಲರ್ ತನ್ನ ಅಂಗೈ ತಿರುಗಿಸಿ ನೋಡಿಕೊಂಡ.

*

ಮೊದಮೊದಲು ಪ್ರತಿ ಸಂಜೆ ಅಂಗಡಿ ಮುಚ್ಚಿ ಬಂದು ಅವಳ ಕೈ ಹಿಡಿದು ಕೂರುತ್ತಿದ್ದ. ಅವಳು ಒಮ್ಮೆ ಒತ್ತಿದರೆ ಇವನು ಎರಡು ಸಲ. ಮಾತು ನಿಂತ ಮೇಲೆ ಅದೇ ಅವರ ಹರಟೆ. ಒಂದು ಸಂಜೆ ಅವಳ ಬೆರಳು ಒತ್ತಲಿಲ್ಲ. ಮರುದಿನವೂ ಇಲ್ಲ. ಕೈಯಿಲ್ಲದ ಅಂಗಿಯ ತೋಳು ಹಿಡಿದಂತಾಗಿ, ಇನ್ನು ಅವಳಿಗೇನು ತಿಳಿದೀತು ಎಂದು ಬಿಟ್ಟುಬಿಟ್ಟ. ಹತ್ತು ತಿಂಗಳು ಉಣಿಸಿದ, ತೊಳೆದ, ಮಗ್ಗುಲು ಬದಲಿಸಿದ. ಯಾವುದಕ್ಕೂ ಮುಖ ಸಿಂಡರಿಸಿದವನಲ್ಲ. ಕೈ ಮಾತ್ರ ಹಿಡಿಯಲಿಲ್ಲ.

ಅವಳು ತನ್ನ ಕೈ ನೋಡುತ್ತಿದ್ದಳು, ಆಮೇಲೆ ಅವನ ಮುಖ. ಮತ್ತೆ ಕೈ. ನೋವಾ ಎಂದು ಕೇಳಿದ. ಅವಳು ಕಣ್ಣು ಮುಚ್ಚಿದಳು, ಅಂದರೆ ಅಲ್ಲ. ಬಾಯಾರಿಕೆಯಾ? ಅದೂ ಅಲ್ಲ. ಹಾಗಾದರೆ ಚಳಿಯೇ ಇರಬೇಕೆಂದು ತಾನೇ ತೀರ್ಮಾನಿಸಿ, ಆ ಕೈಯನ್ನು ಜೋಪಾನವಾಗಿ ಹೊದಿಕೆಯೊಳಗೆ ಸೇರಿಸಿ, ತಾನೆಷ್ಟು ಜಾಣ ಎಂದುಕೊಂಡ. ಅವಳ ಕಣ್ಣಲ್ಲಿ ನೀರು ಬಂತು. ಅದನ್ನೂ ಒರೆಸಿದ.

*

ವ್ಯಾನು ಬಂತು. ಎತ್ತಲು ಬಗ್ಗಿದ ನಾಲ್ವರನ್ನು ಸರಿಸಿ ಟೈಲರ್ ಒಳನುಗ್ಗಿದ. ಹೊದಿಕೆಯಡಿ ತಡಕಿ ಅವಳ ಕೈ ಹಿಡಿದುಕೊಂಡ. ತಣ್ಣಗೆ ಸೆಟೆದಿತ್ತು. ಒತ್ತಿದ.

"ಹೊತ್ತಾಯ್ತು ಭಾವ" ಎಂದ ಬಾಮೈದ.

ಟೈಲರ್ ಎರಡೂ ಕೈಯಲ್ಲಿ ಇನ್ನೂ ಗಟ್ಟಿಯಾಗಿ ಒತ್ತಿದ. ಗೆಣ್ಣುಗಳು ಬಿಳಚಿಕೊಂಡವು. ಬಾಮೈದ ಮಂಡಿಯೂರಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದ. ಬಿಡಿಸಿದ ಬೆರಳು ಮತ್ತೆ ಹೋಗಿ ಹಿಡಿಯುತ್ತಿತ್ತು.