ಅಕ್ಕವ್ವನ ವಯಸ್ಸು ಕೇಳಿದವರು ಯಾರು?

ಗಬ್ಬೂರಿನ ರೊಟ್ಟಿ ಸಂಘದಲ್ಲಿ ಹನ್ನೊಂದು ಹೆಂಗಸರು. ಆಧಾರ್ ಮಾಡಿಸಿದ ಕಾಲಕ್ಕೆ ಮೊಬೈಲ್ ಇದ್ದದ್ದು ಮಾಳವ್ವನ ಹತ್ತಿರ ಮಾತ್ರ. ಹಾಗಾಗಿ ಹನ್ನೊಂದು ಕಾರ್ಡಿಗೂ ಅವಳ ನಂಬರನ್ನೇ ಕೊಟ್ಟಿದ್ದರು. ಎಲ್ಲ ಕಾರ್ಡುಗಳ ಫೋಟೊ ಕೂಡ ಅವಳ ಮೊಬೈಲಿನಲ್ಲೇ ಇದ್ದವು. ಇಷ್ಟು ವರ್ಷ ಯಾರಿಗೂ ತೊಂದರೆಯಾಗಿರಲಿಲ್ಲ.

ಆ ದಿನ ಮಧ್ಯಾಹ್ನ ಮೂರಕ್ಕೆ ವಾಟ್ಸ್ಯಾಪ್‌ನಲ್ಲಿ ಸಂದೇಶ ಬಂತು. ‘ಸರ್ಕಾರದ ವಯಸ್ಸು ಪರಿಶೀಲನೆ. ಸಂಘದ ಎಲ್ಲರ ಆಧಾರ್ ಫೋಟೊ ಕಳಿಸಿ. ಐದು ಗಂಟೆಯೊಳಗೆ ಆಗದಿದ್ದರೆ ಈ ನಂಬರಿನ ವಾಟ್ಸ್ಯಾಪ್ ಬಂದ್.’ ಸಂಘಕ್ಕೆ ರೊಟ್ಟಿಯ ಆರ್ಡರ್ ಬರುವುದೇ ಅದರಲ್ಲಿ. ಮರುದಿನ ಮದುವೆ ಮನೆಯೊಂದಕ್ಕೆ ಎರಡು ಸಾವಿರ ರೊಟ್ಟಿ ಹೋಗಬೇಕಿತ್ತು. ಮಾಳವ್ವ ಗಾಬರಿಯಾದಳು. ಹಿರಿಯಳೆಂದು ಅಕ್ಕವ್ವನ ಕಾರ್ಡನ್ನೇ ಮೊದಲು ಕಳಿಸಿದಳು. ಕೂಡಲೇ ಕರೆ ಬಂತು.

ಅಷ್ಟರಲ್ಲಿ ಝೆರಾಕ್ಸ್ ಅಂಗಡಿಯ ಶಾಜಿಯಾ ರೊಟ್ಟಿ ಪ್ಯಾಕೆಟ್ಟಿನ ಲೇಬಲ್ಲು ಕೊಡಲು ಒಳಗೆ ಬಂದಳು.

“ತಡಿಯವಾ ಶಾಜಿಯಾ, ಸರ್ಕಾರದವರು ಲೈನ್ ಮ್ಯಾಲದಾರ.”

“ಏನ್ ಕೇಳಾಕತ್ತಾರಕ್ಕಾ?”

“ವಯಸ್ಸು. ಹದಿನೆಂಟು ತುಂಬೇತಿ ಅಂತ ತೋರಿಸ್ಬೇಕಂತ. ಅಕ್ಕವ್ವಾಯಿದು ಕಳಿಸೇನಿ.”

ರೊಟ್ಟಿ ಬಡಿಯುತ್ತಿದ್ದ ಎಪ್ಪತ್ತೆರಡರ ಅಕ್ಕವ್ವ ಬಾಯಿ ತೆರೆದು ತೋರಿಸಿದಳು. “ಹದಿನೆಂಟು ತುಂಬೇತೋ ಇಲ್ಲೋ ಅಂತನ? ಉಳಿದ ನಾಕ್ ಹಲ್ಲಿನ ಫೋಟೋನೂ ಕಳಸ್ರ್ಯವಾ!”

ಎಲ್ಲರೂ ನಕ್ಕರು. ಶಾಜಿಯಾ ನಗಲಿಲ್ಲ. “ಆಯಿ, ನಿಮ್ಮ ಹಂತ್ಯಾಕ ಫೋನ್ ಐತೇನ್ರಿ?”

“ನನಗ್ಯಾಕವಾ ಫೋನು?”

“ಮತ್ತ ಫೋನೇ ಇಲ್ಲದವರ ವಯಸ್ಸು ಇವಂಗ್ಯಾಕ ಬೇಕು?”

ಮೊಬೈಲಿನೊಳಗಿನ ದನಿ ಅವಸರಿಸಿತು. “ಮೇಡಂ, ಮೊಬೈಲಿಗೆ ಬಂದ ಒಟಿಪಿಗೆ ಎರಡೇ ನಿಮಿಷ ಟೈಮಿದೆ. ಬೇಗ ಹೇಳಿ.”

“ನಾಕು… ಒಂದು…” ಮಾಳವ್ವ ಓದತೊಡಗಿದ್ದಳು. ಶಾಜಿಯಾ ಮೊಬೈಲ್ ಕಸಿದು ಕರೆ ಕತ್ತರಿಸಿದಳು.

ಮಾಳವ್ವನಿಗೆ ಸಿಟ್ಟು ನೆತ್ತಿಗೇರಿತು. “ಏನ್ ಮಾಡ್ದಿ! ಇದು ಬಂದ್ ಆದ್ರ ನಾಳಿ ರೊಟ್ಟಿ ನೀ ಮಾರ್ತಿಯೇನು? ನಮ್ಮದೇನು ಮುಚ್ಚಿಡೂದೈತಿ? ಸರ್ಕಾರಕ್ಕ ಎಲ್ಲಾ ಗೊತ್ತs ಐತಿ.”

“ಇದನ್ನ ಓದಕ್ಕಾ. ಇದು ಆಧಾರ್ ಒಟಿಪಿ. ಮೆಸೇಜಿನಾಗ ತೋರಿಸಿದ ನಾಕು ಅಂಕಿ ಆಯಿ ಆಧಾರ್ ನಂಬರಿನ ಕೊನೀವು. ಇದನ್ನ ಹೇಳಿದ್ರ ಖಾಲಿ ಹಾಳಿಗೆ ಆಯಿ ಹೆಬ್ಬಟ್ಟು ಒತ್ತಿಕೊಟ್ಟಂಗ. ಆಮ್ಯಾಲ ಉಳಿದ ಹತ್ತು ಮಂದಿದು. ಎಲ್ಲಾರ ಬೀಗದ ಕೈ ನಿನ್ನ ಒಂದ ಮೊಬೈಲ್ನಾಗ ಐತಿ.”

ಅಕ್ಕವ್ವನ ಕೈ ಹಿಟ್ಟಿನ ಮೇಲೆಯೇ ನಿಂತಿತು.

“ಖರೇನs ಸರ್ಕಾರದವರು ಕೇಳಿದ್ರ?” ಮಾಳವ್ವನ ದನಿ ಇಳಿದಿತ್ತು.

“ಖರೇ ಇದ್ರೂ ನಾವು ತಿರುಗಿ ಕೇಳಬೇಕು. ರೊಟ್ಟಿ ಕೇಳಿದವಂಗ ಜ್ವಾಳದ ಚೀಲ ಕೊಡ್ತೀಯೇನು? ವಯಸ್ಸು ಕೇಳಿದವಂಗ ಓಣಿ, ಮಾರಿ ಫೋಟೊ, ಆಧಾರ್ ನಂಬರು ಎಲ್ಲಾ ಯಾಕ? ಎಲ್ಲಿ ಇಡ್ತೀರಿ, ಯಾವಾಗ ಅಳಸ್ತೀರಿ? ಉತ್ತರ ಕೊಡದವಂಗ ಏನೂ ಕೊಡಬ್ಯಾಡ.”

ಮೊಬೈಲ್ ಮತ್ತೆ ನಾಲ್ಕು ಸಲ ರಿಂಗಾಯಿತು. ಯಾರೂ ಎತ್ತಲಿಲ್ಲ. ರೊಟ್ಟಿ ಬಡಿಯುತ್ತಲೇ ಎಲ್ಲರ ಕಣ್ಣು ಗೋಡೆ ಗಡಿಯಾರದ ಮೇಲೆ. ಐದಾಯಿತು. ಐದು ಗಂಟೆ ನಾಲ್ಕು ನಿಮಿಷಕ್ಕೆ ವಾಟ್ಸ್ಯಾಪ್ ಟಣ್ ಎಂದಿತು. ಮದುವೆ ಮನೆಯವರು. ‘ಇನ್ನೂರು ರೊಟ್ಟಿ ಹೆಚ್ಚಿಗೆ ಬೇಕು.’

ಮಾಳವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ನಡೀ, ಈಗ ಏನೇನ್ ಮಾಡಬೇಕು ಹೇಳು.”

ಬೇರೆಯವರು ಬಳಸದಂತೆ ಅಂದೇ ಅಕ್ಕವ್ವನ ಆಧಾರ್ ಬೆರಳಚ್ಚನ್ನು ಲಾಕ್ ಮಾಡಿಸಿದರು. ಸೈಬರ್ ದೂರು ಬರೆಸಿದರು. ಮದುವೆಯ ಕೆಲಸ ಮುಗಿದ ಮೇಲೆ ಆಧಾರ್ ಕೇಂದ್ರಕ್ಕೆ ಹೋಗಿ, ಪ್ರತಿಯೊಬ್ಬರೂ ತಮ್ಮ ಅಥವಾ ಮನೆಯವರ ನಂಬರು ಬರೆಸಿದರು. ಅಕ್ಕವ್ವ ಮಗನ ನಂಬರು ಕೊಟ್ಟಳು. ಮಾಳವ್ವ ಎಲ್ಲರ ಎದುರಿಗೇ ಕಾರ್ಡುಗಳ ಫೋಟೊ ಅಳಿಸಿದಳು.

ಓದುಗರೇ, ಹದಿನೆಂಟು ತುಂಬದ ಮಕ್ಕಳ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆಂಬ ನಿಯಮ ಪ್ರಕಟವಾಗಿದೆ. ಅದು ಹಂತಹಂತವಾಗಿ ಜಾರಿಗೆ ಬರಲಿದೆ. ವಯಸ್ಸು ಕೇಳುವವರು ಇನ್ನು ಹೆಚ್ಚಾಗುತ್ತಾರೆ, ಅವರ ಹೆಸರಿನಲ್ಲಿ ಮೋಸ ಮಾಡುವವರೂ ಹೆಚ್ಚಾಗಬಹುದು. ಒಟಿಪಿಯನ್ನು ಯಾರಿಗೂ ಹೇಳಬೇಡಿ. ಆಧಾರ್ ಪ್ರತಿ ಕೊಡಲೇಬೇಕಾದಲ್ಲಿ, ಮೊದಲ ಎಂಟು ಅಂಕಿ ಮುಚ್ಚಿದ ಪ್ರತಿ ಸಾಕೇ ಎಂದು ಕೇಳಿ. ಮೋಸದಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಅಕ್ಕವ್ವನ ಕಾರ್ಡಿನ ಫೋಟೊ ಈಗಲೂ ಯಾರ ಬಳಿ ಇದೆಯೋ ಗೊತ್ತಿಲ್ಲ. ಅದು ವಾಪಸು ಬರುವುದಿಲ್ಲ. ನಿಮ್ಮ ಕಾರ್ಡು ಯಾರ ಮೊಬೈಲಿನಲ್ಲಿದೆ? ಇವತ್ತೇ ವಿಚಾರಿಸಿ.